ಶಿವಗಂಗೋತ್ರಿಗೆ ನಿತ್ಯದ ಪ್ರಯಾಣ: ಆಯ್ಕೆ ಮಾಡುವ ಬಗೆ

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣವಿರುವುದು ನಗರದ ಹೊರಗೆ, ತೋಳಹುಣಸೆಯಲ್ಲಿ. ಹೊಸದಾಗಿ ಪ್ರವೇಶ ಪಡೆದವರು ಸಾಮಾನ್ಯವಾಗಿ ಬೆಳಗಿನ ಬಸ್ಸನ್ನಷ್ಟೇ ವಿಚಾರಿಸಿಕೊಳ್ಳುತ್ತಾರೆ. ಆದರೆ ಲೆಕ್ಕವನ್ನು ಆರಂಭಿಸಬೇಕಾದದ್ದು ಮರಳುವ ಹೊತ್ತಿನಿಂದ. ಬೆಳಿಗ್ಗೆ ಎಲ್ಲರೂ ಒಂದೇ ವೇಳೆಗೆ ಹೊರಡುವುದರಿಂದ ಜೊತೆಯೂ ವಾಹನವೂ ಸಿಗುತ್ತವೆ. ಪ್ರಯೋಗಾಲಯದ ಕೆಲಸ ತಡವಾದ ದಿನ, ಗ್ರಂಥಾಲಯದಲ್ಲಿ ಒಂದು ತಾಸು ಹೆಚ್ಚು ಕುಳಿತ ದಿನ ಮನೆ ಸೇರುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಆದ್ದರಿಂದ ಮೊದಲು ವಾರದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಪ್ರತಿದಿನದ ಕೊನೆಯ ತರಗತಿ ಮುಗಿಯುವ ವೇಳೆಯನ್ನು ಗುರುತು ಹಾಕಿಕೊಳ್ಳಿ. ಬಳಿಕ ಮೂರು ಸಂಜೆ ತಂಗುದಾಣದಲ್ಲಿ ನಿಂತು, ಎಷ್ಟು ಬಸ್ಸುಗಳು ಬಂದವು, ಅವುಗಳಲ್ಲಿ ಸರ್ಕಾರಿ ಎಷ್ಟು, ಖಾಸಗಿ ಎಷ್ಟು, ಕಾಲಿಡಲು ಜಾಗವಿದ್ದವು ಎಷ್ಟು ಎಂದು ಬರೆದಿಡಿ. ಖಾಸಗಿ ಬಸ್ಸುಗಳ ಓಡಾಟ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಈ ಎಣಿಕೆಗೆ ವಿಶೇಷ ಮಹತ್ವವಿದೆ. ಏಕೆಂದರೆ ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸಾಗಲಿ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವಾಗಲಿ ಸರ್ಕಾರಿ ಬಸ್ಸಿಗಷ್ಟೇ ಅನ್ವಯಿಸುತ್ತದೆ. ಸಂಜೆ ಸರ್ಕಾರಿ ಬಸ್ಸು ತಪ್ಪಿದರೆ ವಿದ್ಯಾರ್ಥಿನಿಯರೂ ಟಿಕೆಟ್‌ಗೆ ಹಣ ಕೊಡಬೇಕಾಗುತ್ತದೆ. ತಿಂಗಳ ಖರ್ಚಿನಲ್ಲಿ ಅದನ್ನೂ ಸೇರಿಸಿಕೊಳ್ಳಿ. ಪಾಸಿಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವಾಗ, ಮನೆಯಿಂದ ಕ್ಯಾಂಪಸ್‌ವರೆಗಿನ ಮಾರ್ಗವನ್ನು ಬಸ್ಸು ಬದಲಿಸುವ ಸ್ಥಳದ ಸಮೇತ ಸರಿಯಾಗಿ ನಮೂದಿಸಿ.

ಹರಿಹರ, ಕೊಡಗನೂರು, ಮಾಯಕೊಂಡದ ಕಡೆಯವರು ರೈಲನ್ನೂ ಪರಿಶೀಲಿಸಬೇಕು, ಏಕೆಂದರೆ ತೋಳಹುಣಸೆಯಲ್ಲಿಯೇ ನಿಲ್ದಾಣವಿದೆ. ಎಕ್ಸ್‌ಪ್ರೆಸ್ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಪ್ಯಾಸೆಂಜರ್ ರೈಲಿನ ವೇಳೆ ನಿಮ್ಮ ತರಗತಿಗೆ ಹೊಂದಿದರೆ ಮಾತ್ರ ಸೀಸನ್ ಟಿಕೆಟ್ ಮಾಡಿಸಿ. ನಿಲ್ದಾಣದಿಂದ ತರಗತಿಯ ಬಾಗಿಲವರೆಗೆ ಒಮ್ಮೆ ನಡೆದು ನೋಡಿ. ಆ ಸಮಯವೂ ಪ್ರಯಾಣದ ಭಾಗವೇ.

ಬೈಕ್ ಬಯಸುವವರು ಪೆಟ್ರೋಲ್ ಜೊತೆಗೆ ಸರ್ವಿಸ್, ಟೈರ್, ವಿಮೆಯ ವೆಚ್ಚವನ್ನೂ ತಿಂಗಳಿಗೆ ಹಂಚಿ ನೋಡಬೇಕು. ಗೆಳೆಯನೊಡನೆ ಹೋಗುವುದಾದರೆ ಖರ್ಚು ಅರ್ಧವಾಗುತ್ತದೆ, ಆದರೆ ಹಿಂದೆ ಕೂರುವವನಿಗೂ ಹೆಲ್ಮೆಟ್ ಕಡ್ಡಾಯ. ನನ್ನನ್ನು ಹೆಚ್ಚು ಕಾಡುವುದು ಮೆಕ್ಕೆಜೋಳದ ಸುಗ್ಗಿಯ ಕಾಲ: ಹಳ್ಳಿ ರಸ್ತೆಯ ಅರ್ಧಭಾಗದಲ್ಲಿ ಕಾಳು ಹರವಿ, ಅಂಚಿಗೆ ಕಲ್ಲುಗಳನ್ನಿಟ್ಟಿರುತ್ತಾರೆ. ಕತ್ತಲಾದ ಮೇಲೆ ಆ ಕಲ್ಲುಗಳು ಕಾಣುವುದಿಲ್ಲ, ಕಾಳಿನ ಮೇಲೆ ಚಕ್ರ ಹಿಡಿತಕ್ಕೆ ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ತಡವಾಗುವ ದಿನ ಬೈಕನ್ನು ಮನೆಯಲ್ಲೇ ಬಿಟ್ಟು ಬಸ್ಸು ಹಿಡಿಯುವುದು ಒಳ್ಳೆಯದು.

ಯಾವ ದಾರಿಯನ್ನು ಆರಿಸಿಕೊಂಡರೂ, ನಿಮ್ಮದೇ ದಿಕ್ಕಿನಿಂದ ಬರುವ ಇಬ್ಬರು ಸಹಪಾಠಿಗಳ ಮತ್ತು ಪರಿಚಯದ ಒಬ್ಬ ಆಟೋ ಚಾಲಕರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸೆಮಿಸ್ಟರ್ ಬದಲಾದಾಗ ಹೊಸ ವೇಳಾಪಟ್ಟಿ ಕೈಗೆ ಬಂದ ಮೇಲೆಯೇ ಸೀಸನ್ ಟಿಕೆಟ್ ನವೀಕರಿಸಿ.