ಯಾಜಕಕಾಂಡ 19 ಇಟ್ಟುಕೊಂಡು ಯೌವನಸ್ಥರಿಗೆ ಪರಿಶುದ್ಧ ಜೀವನ ಕಲಿಸಿದ್ದು: ನನ್ನ ಅನುಭವ

ಯೌವನಸ್ಥರ ಸತ್ಯವೇದ (ಬೈಬಲ್) ಪಾಠವನ್ನು ಹಳೆಯ ಒಡಂಬಡಿಕೆಯ ಯಾಜಕಕಾಂಡದಿಂದ ಶುರು ಮಾಡುತ್ತೇನೆ ಅಂದಾಗ ಸಭೆಯ ಹಿರಿಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಯಜ್ಞ, ಕುಷ್ಠ, ರಕ್ತ ತುಂಬಿದ ಪುಸ್ತಕ, ಮೂರನೇ ವಾರಕ್ಕೆ ಹುಡುಗರು ಬರುವುದು ಬಿಡುತ್ತಾರೆ ಅಂದರು. ಈಗ ಧಾರವಾಡ ಕಡೆಯ ನಮ್ಮ ಸಣ್ಣ ಸಭೆಯಲ್ಲಿ ಮೂರನೇ ತಂಡ ನಡೆಯುತ್ತಿದೆ. 16ರಿಂದ 22 ವಯಸ್ಸಿನವರು, ತಂಡಕ್ಕೆ ಎಂಟೊಂಬತ್ತು ಮಂದಿ. ಮೊದಲ ತಂಡದಲ್ಲಿ 14 ವಾರಕ್ಕೆ ಬಿಟ್ಟವರು ಒಬ್ಬರೇ, ಅದೂ ನರ್ಸಿಂಗ್ ಸೀಟು ಸಿಕ್ಕಿ ಊರು ಬಿಟ್ಟದ್ದರಿಂದ. ಸಂಡೇ ಸ್ಕೂಲು, ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ನಡೆಸಿದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಕೈಕೊಟ್ಟದ್ದನ್ನು ಮೊದಲು ಹೇಳುತ್ತೇನೆ. ಎರಡು ದಿನದ ಶಿಬಿರಕ್ಕೆ ಬಸ್ಸು, ಊಟ, ಪ್ರೊಜೆಕ್ಟರ್ ಬಾಡಿಗೆ, ಹೊರಗಿನ ಬೋಧಕರ ಖರ್ಚು ಸೇರಿ ಸುಮಾರು 38 ಸಾವಿರ ಹೋಯಿತು. ಕೊನೆಯ ರಾತ್ರಿ ಎಲ್ಲರೂ ಅತ್ತು ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿದರು. ತಿಂಗಳೊಳಗೆ ಎಲ್ಲ ಮೊದಲಿನಂತೆಯೇ. ಆ ಪತ್ರದಲ್ಲಿ ‘ಮಾಡುವುದಿಲ್ಲ’ ಎಂಬ ಒಂಬತ್ತು ಸಾಲಿದ್ದವು, ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಜ್ಞಾನೋಕ್ತಿಗಳ 31 ಅಧ್ಯಾಯ ದಿನಕ್ಕೊಂದರಂತೆ ಓದಿಸಿದ್ದೂ ಹತ್ತು-ಹನ್ನೆರಡನೇ ದಿನಕ್ಕೆ ನಿಂತಿತು. ಮೊದಲ ಒಂಬತ್ತು ಅಧ್ಯಾಯ ತಂದೆ ಮಗನಿಗೆ ಹೇಳುವ ಓಘದ ಮಾತು. ಹತ್ತರಿಂದ ಮುಂದೆ ಬಿಡಿ ಬಿಡಿ ಗಾದೆ, ಹಿಡಿದುಕೊಂಡು ಹೋಗಲು ಎಳೆಯೇ ಸಿಗುವುದಿಲ್ಲ. ವಾಟ್ಸಾಪಿನಲ್ಲಿ ದಿನಕ್ಕೊಂದು ವಾಕ್ಯ ಹಾಕಿದರೆ ಕೈಮುಗಿದ ಚಿತ್ರ ಬರುತ್ತದೆ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಎಲ್ಲರೆದುರು ಪಾಪ ಅರಿಕೆ ಮಾಡಿಸಿದ್ದು. ಅಲ್ಲಿ ಹೇಳಿದ ಮಾತು ಎರಡೇ ದಿನಕ್ಕೆ ಹೊರಗೆ ಬಿತ್ತು. ಇಬ್ಬರು ಹೆಣ್ಣುಮಕ್ಕಳು ಫೆಲೋಶಿಪ್ಪಿಗೆ ಬರುವುದನ್ನೇ ಬಿಟ್ಟರು, ಇವತ್ತಿಗೂ ಬಂದಿಲ್ಲ. ಅಂದಿನಿಂದ ನಿಯಮ: ತಂಡದಲ್ಲಿ ವಾಕ್ಯ ಮತ್ತು ವಾರದ ಕೆಲಸದ ಮಾತು ಮಾತ್ರ. ಒಳಗಿನ ಭಾರ ಹೇಳಿಕೊಳ್ಳಬೇಕಾದವರಿಗೆ, ಹುಡುಗಿಯಾದರೆ ಒಬ್ಬ ಅಕ್ಕ, ಹುಡುಗನಾದರೆ ಒಬ್ಬ ಅಣ್ಣ, ಬಾಗಿಲು ತೆರೆದಿಟ್ಟ ಕೋಣೆಯಲ್ಲಿ. 18 ತುಂಬದ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿತೆಂದರೆ ಅದು ಪ್ರಾರ್ಥಿಸಿ ಮುಚ್ಚಿಡುವ ಸಂಗತಿಯಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿ. ಕಲಿಸುವವರೆಲ್ಲ ಇದನ್ನು ಮೊದಲೇ ತಿಳಿದಿರಲಿ.

ಯಾಜಕಕಾಂಡ 19ರಲ್ಲಿ 37 ವಚನ. ಪರಿಶುದ್ಧರಾಗಿರಿ ಎಂಬ ಅಪ್ಪಣೆ ಎರಡನೇ ವಚನದಲ್ಲೇ ಬರುತ್ತದೆ. ಅದರ ಹಿಂದೆಯೇ ಬರುವುದು ಕೂಲಿಯವನ ಪಗಾರ, ಹೊಲದ ಅಂಚು, ಚಾಡಿ, ಕುರುಡನ ದಾರಿ, ತಕ್ಕಡಿ. ನಮ್ಮ ಮಕ್ಕಳು ಪರಿಶುದ್ಧತೆ ಅಂದರೆ ಫೋನಿನಲ್ಲಿ ಏನು ನೋಡಬಾರದು ಎಂದಷ್ಟೇ ತಿಳಿದಿದ್ದಾರೆ, ನಾವೇ ಹಾಗೆ ಕಲಿಸಿದ್ದು. ಕೈಗೆಟುಕುವ ವಿಧೇಯತೆಯಿಂದ ಶುರು ಮಾಡಿದರೆ ಕಷ್ಟದ್ದಕ್ಕೂ ಕೈ ಪಳಗುತ್ತದೆ.

ಆದರೆ ಮೊದಲ ವಾರ 19 ತೆರೆಯುವುದೇ ಇಲ್ಲ. 1 ಪೇತ್ರ 1:15-19 ಓದಿಸುತ್ತೇನೆ. ಪೇತ್ರನು ಅದೇ ಅಪ್ಪಣೆಯನ್ನು ಎತ್ತಿ ಹೇಳಿ, ಮೂರೇ ವಚನದೊಳಗೆ ಕ್ರಿಸ್ತನ ರಕ್ತದಿಂದ ನಿಮಗೆ ಬಿಡುಗಡೆಯಾಗಿದೆ ಅನ್ನುತ್ತಾನೆ. ಬಿಡುಗಡೆ ಮೊದಲು, ನಡತೆ ಆಮೇಲೆ. ಎರಡನೇ ತಂಡದಲ್ಲಿ ಈ ವಾರವನ್ನು ಅರ್ಧಕ್ಕೆ ಮುಗಿಸಿದ್ದೆ, ಐದನೇ ವಾರಕ್ಕೆ ಹುಡುಗರು ಒಬ್ಬರ ತಪ್ಪು ಒಬ್ಬರು ಎಣಿಸತೊಡಗಿದರು. ಮತ್ತೆ ಪೇತ್ರನ ಹತ್ತಿರ ಹಿಂದಿರುಗಬೇಕಾಯಿತು.

ಶನಿವಾರ ಸಂಜೆ ಆರೂವರೆಗೆ, 75 ನಿಮಿಷ. ಭಾನುವಾರ ಆರಾಧನೆ ಮುಗಿದ ಮೇಲೆ ಬೇಡ. ಹಸಿವು, ಬಸ್ಸಿನ ಆತುರ, ಯಾರ ಕಿವಿಗೂ ಏನೂ ಬೀಳುವುದಿಲ್ಲ. ಮೊದಲ 15 ನಿಮಿಷ ಹೋದ ವಾರದ ಕೆಲಸ ಏನಾಯಿತು ಎಂಬ ವರದಿ. ಆಮೇಲೆ ವಾಕ್ಯ ಎರಡು ಸಲ ಗಟ್ಟಿಯಾಗಿ: ಒಮ್ಮೆ ಹಳೆಯ ಸತ್ಯವೇದದಿಂದ, ಒಮ್ಮೆ ಸುಲಭ ಕನ್ನಡದ ಭಾಷಾಂತರದಿಂದ. ಇಂಗ್ಲಿಷ್ ಮೀಡಿಯಮ್ಮಿನವರು ತಡವರಿಸಿದರೂ ಕನ್ನಡದಲ್ಲೇ ಓದಲಿ, ಪಕ್ಕದವರು ತಿದ್ದಬಾರದು. ದೇವರ ಹೆಸರು ಹಳೆಯದರಲ್ಲಿ ‘ಯೆಹೋವ’, ಸುಲಭದ್ದರಲ್ಲಿ ‘ಸರ್ವೇಶ್ವರ’ ಅಂತಿರುವುದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ. 25 ನಿಮಿಷ ಪ್ರಶ್ನೆ, ಹತ್ತು ನಿಮಿಷ ಮೌನವಾಗಿ ಬರೆಯುವುದು. ವಾರದ ಕೆಲಸವನ್ನು ಪ್ರತಿಯೊಬ್ಬರೂ ತಾವೇ ಬರೆದುಕೊಳ್ಳಬೇಕು. ನಾನು ಹೇಳಿಕೊಟ್ಟ ಕೆಲಸ ಅರ್ಧಕ್ಕರ್ಧ ಆಗದೇ ಉಳಿಯುತ್ತಿತ್ತು.

ವಚನಗಳ ಕ್ರಮ ನನ್ನದೇ. ಎರಡನೇ ವಾರ 13ನೇ ವಚನ: ಕೂಲಿಯವನ ಪಗಾರ ಬೆಳಗಿನ ತನಕ ನಿನ್ನಲ್ಲಿ ಉಳಿಯಬಾರದು. ಜೊತೆಗೆ ಯಾಕೋಬ 5:4. ಯಾಕೋಬನ ಪತ್ರ ಈ ಅಧ್ಯಾಯದ ಜೊತೆಗಾರ: ಮುಖದಾಕ್ಷಿಣ್ಯಕ್ಕೆ 15ರ ಜೊತೆ ಯಾಕೋಬ 2, ಚಾಡಿಗೆ 16ರ ಜೊತೆ 4:11, ನೆರೆಯವನ ಪ್ರೀತಿಗೆ 18ರ ಜೊತೆ 2:8. ಹಳೆಯ ಒಡಂಬಡಿಕೆ ಈಗ ಯಾಕೆ ಎಂದು ಕೇಳುವ ಹಿರಿಯರಿಗೂ ಇದೇ ಉತ್ತರವಾಯಿತು. ಪಗಾರದ ವಾರ ಪ್ರತಿಯೊಬ್ಬರೂ ತಾವು ಕೊಡಬೇಕಾದ ಬಾಕಿ ಬರೆಯುತ್ತಾರೆ: ಟೇಲರ್, ಕ್ಯಾಂಟೀನು, ಗೆಳೆಯನ ಫೋನ್‌ಪೇ ಸಾಲ. ಮೊದಲ ತಂಡದ ಬಾಕಿ ಕೂಡಿಸಿದರೆ ನಾಲ್ಕು ಸಾವಿರದ ಆಸುಪಾಸು, ಮುಂದಿನ ಶನಿವಾರದೊಳಗೆ ಮುಕ್ಕಾಲು ಪಾಲು ತೀರಿತ್ತು. ಪರಿಶುದ್ಧತೆ ಇಷ್ಟು ಹತ್ತಿರದ್ದು ಎಂದು ಅವರಿಗೆ ತಿಳಿದದ್ದು ಆ ವಾರ.

ಹೊಲದ ಅಂಚನ್ನು ಬಡವರಿಗೆ ಬಿಡಬೇಕೆನ್ನುವ 9-10ನೇ ವಚನಕ್ಕೆ, ಹಕ್ಕಲು (ಕೊಯ್ಲಿನ ಮೇಲೆ ಹೊಲದಲ್ಲಿ ಉಳಿದದ್ದು) ಆರಿಸಿದ ಒಬ್ಬ ಅಜ್ಜಿಯನ್ನು ಹದಿನೈದು ನಿಮಿಷ ಕೂರಿಸಿ. ನಮ್ಮಲ್ಲಿ ಬಂದ ಅಜ್ಜಿ ಶೇಂಗಾ ಕಿತ್ತ ಹೊಲದಲ್ಲಿ ಮಣ್ಣು ಕೆದರಿ ಕಾಯಿ ಹುಡುಕುವುದನ್ನು ಬೆರಳಲ್ಲೇ ಮಾಡಿ ತೋರಿಸಿದರು. ಹೊಲದ ಯಜಮಾನ ನಿಂತು ನೋಡುತ್ತಿದ್ದರೆ ಕೈ ಮುಂದೆ ಹೋಗುತ್ತಿರಲಿಲ್ಲ ಅಂದರು. ಆಮೇಲೆ ರೂತಳು 2:16 ಓದಿಸಿದರೆ, ಹೊಲದ ಯಜಮಾನ ಬೋವಜನು ಹಕ್ಕಲು ಆರಿಸುವ ರೂತಳಿಗಾಗಿ ಬೇಕೆಂದೇ ತೆನೆ ಉದುರಿಸಲು ಹೇಳಿದ್ದು ಏಕೆಂದು ವಿವರಿಸಬೇಕಾಗಿಲ್ಲ. ಹೊಲವಿಲ್ಲದವರಿಗೆ ಅಂಚು ಯಾವುದು ಎಂಬ ಪ್ರಶ್ನೆಗೆ ಉತ್ತರ ಅವರಿಂದಲೇ ಬರಲಿ. ಕೊಡುವಾಗ ಫೋಟೋ ತೆಗೆಯುವಂತಿಲ್ಲ, ಇಷ್ಟು ಮಾತ್ರ ನಾನು ಹೇಳುವುದು.

1 ಥೆಸಲೊನೀಕ 4:3-8 ಬರುವುದು ಹನ್ನೊಂದನೇ ವಾರ. ಜಾರತ್ವದ ಮಾತು, ಫೋನಿನ ಮಾತು ಎಲ್ಲ ಅಲ್ಲೇ, ಹುಡುಗರು ಹುಡುಗಿಯರು ಬೇರೆ ಬೇರೆ ಕೂತು, ಎರಡು ವಾರ. ಆರನೇ ವಚನದಲ್ಲಿ ಪೌಲನು ಇದನ್ನು ಸಹೋದರನಿಗೆ ಮಾಡುವ ಅನ್ಯಾಯ ಅನ್ನುತ್ತಾನೆ. ಪಗಾರ, ಚಾಡಿ, ತಾರತಮ್ಯ ದಾಟಿ ಬಂದವರಿಗೆ ಆ ಮಾತು ಥಟ್ಟನೆ ನಾಟುತ್ತದೆ. ಇದನ್ನೇ ಮೊದಲ ವಾರ ಇಟ್ಟರೆ ಎಲ್ಲರೂ ನೆಲ ನೋಡುತ್ತಾರೆ. ಈ ಎರಡು ವಾರದ ಪಾಠ ತೆರೆಯಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹುಡುಗರು ಓದಿಬಿಟ್ಟರೆ ಅದು ಕೆಲಸ ಮಾಡುವುದಿಲ್ಲ.

ಯಾಜಕಕಾಂಡ 19ರಲ್ಲಿ 28ನೇ ವಚನದ ಹಚ್ಚೆ, 19ನೇ ವಚನದ ಎರಡು ಬಗೆಯ ನೂಲಿನ ಬಟ್ಟೆ ಶುರುವಿನಲ್ಲೇ ಸಿಕ್ಕರೆ ಇಡೀ ಸಂಜೆ ವಾದದಲ್ಲಿ ಮುಳುಗುತ್ತದೆ. 18ನೇ ವಚನ ಮುಗಿಯುವ ತನಕ ಮುಟ್ಟಬೇಡಿ. ಆಮೇಲೆ, ಯೆಹೂದ್ಯರಲ್ಲದ ವಿಶ್ವಾಸಿಗಳು ಮೋಶೆಯ ನಿಯಮ ಪಾಲಿಸಬೇಕೇ ಎಂಬ ಚರ್ಚೆ ಇರುವ ಅಪೊಸ್ತಲರ ಕೃತ್ಯಗಳು 15 ಜೊತೆಗಿಟ್ಟು ಶಾಂತವಾಗಿ ಮಾತಾಡಬಹುದು.

ಖರ್ಚು 14 ವಾರಕ್ಕೆ ಮೂರೂವರೆ ಸಾವಿರದ ಒಳಗೆ: ನೋಟ್‌ಬುಕ್ಕು, ಜೆರಾಕ್ಸ್ ಸೇರಿ ಏಳುನೂರು, ಉಳಿದದ್ದು ಚಹಾ ಮತ್ತು ಚುರುಮುರಿ. ಶಿಬಿರದ ಹತ್ತನೇ ಒಂದು ಭಾಗವೂ ಇಲ್ಲ.

ಈಗ ಪಕ್ಕದಲ್ಲಿ ಇನ್ನೊಂದನ್ನು ಪರೀಕ್ಷಿಸುತ್ತಿದ್ದೇನೆ. ಕೀರ್ತನೆ 119ರಲ್ಲಿ ಎಂಟೆಂಟು ವಚನದ 22 ಖಂಡಗಳು, ಒಟ್ಟು 176. ಖಂಡಕ್ಕೊಂದು ವಾರ, ಸಭೆಯಲ್ಲಿ ಹಾಡುವ ಹಳೆಯ ಸಂಗೀತಗಳ ರಾಗಕ್ಕೆ ಕೂರಿಸಿ ಕಂಠಪಾಠ. ಯೌವನಸ್ಥನ ನಡತೆ ಶುದ್ಧವಾಗುವ ಪ್ರಶ್ನೆ ಬರುವ ಎರಡನೇ ಖಂಡ ಸಲೀಸಾಗಿ ಬಂತು. ನಾಲ್ಕನೆಯದಕ್ಕೆ ರಾಗ ಕೂರುತ್ತಿಲ್ಲ.

ಕೊನೆಯ ವಾರ ತಕ್ಕಡಿ, 35-36. ಮನೆಯಲ್ಲಿ ಕಿರಾಣಿ ಅಂಗಡಿ ಇರುವ ಹುಡುಗನೊಬ್ಬ ಪ್ರತಿ ತಂಡದಲ್ಲೂ ಸಿಗುತ್ತಾನೆ. ಅಂಗಡಿಯ ಒಂದು ಕಿಲೋ ತೂಕದ ಕಲ್ಲನ್ನು ತರಿಸಿ, ತಳದಲ್ಲಿ ತೂಕ-ಅಳತೆ ಇಲಾಖೆಯ ಮುದ್ರೆ ಎಲ್ಲಿದೆ ಎಂದು ಹುಡುಕಿಸಿ. ಅದು ಕೈಯಿಂದ ಕೈಗೆ ಹೋಗುವಾಗ ನೀವು ಮಾತಾಡಬೇಡಿ.