ಬ್ರೂಮರ್ ಒತ್ತಿ ಹಿಡಿದರೆ ಧೂಳು ಹೋಗಲ್ಲ: ನನ್ನ ಅನುಭವ

ತೀರ್ಥಹಳ್ಳಿ ಸುತ್ತಮುತ್ತ ಡಾಂಬರು ಕೆಲಸ ಜೋರಾಗುವುದು ಮಳೆ ಬಿಟ್ಟ ಮೇಲೆ. ಆಗ ನಾನು ಟ್ರ್ಯಾಕ್ಟರಿಗೆ ಬ್ರೂಮರ್, ಅಂದರೆ ರಸ್ತೆ ಗುಡಿಸುವ ತಿರುಗು ಬ್ರಷ್ಷಿನ ಯಂತ್ರ, ಕಟ್ಟಿಕೊಂಡು ಕಾಂಟ್ರಾಕ್ಟರುಗಳ ಕೆಲಸಕ್ಕೆ ಹೋಗುತ್ತೇನೆ. ಡಾಂಬರಿಗೆ ಮೊದಲು ಹಳೇ ರಸ್ತೆಯನ್ನು ಗುಡಿಸಿ ಕೊಡುವುದು ನನ್ನ ಪಾಲು. ಹೊಸ ಡಾಂಬರು ಹಿಡಿದುಕೊಳ್ಳಲಿ ಅಂತ ಮೊದಲು ಎಮಲ್ಷನ್ (ನೀರು ಬೆರೆಸಿದ ತೆಳು ಡಾಂಬರು) ಹೊಡೆಯುವಾಗ ಧೂಳು ಉಳಿದಿದ್ದರೆ ಅದು ಧೂಳಿಗೇ ಅಂಟುತ್ತದೆ. ನಮ್ಮ ಮಳೆಗೆ ಅಂಥ ಡಾಂಬರು ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಾಗಾಗಿ ಈ ಗುಡಿಸುವ ಕೆಲಸವನ್ನು ಯಾರಾದರೂ ಹಗುರವಾಗಿ ತಗೊಂಡರೆ ನನಗೆ ಬೇಜಾರಾಗುತ್ತದೆ.

ಹೊಸಬರೆಲ್ಲ ಬ್ರಷ್ಷನ್ನು ನೆಲಕ್ಕೆ ಒತ್ತುತ್ತಾರೆ. ಒತ್ತಿದಷ್ಟೂ ಚೆನ್ನಾಗಿ ಗುಡಿಸುತ್ತದೆ ಅನ್ನೋ ಲೆಕ್ಕ. ಆದರೆ ಗುಡಿಸುವುದು ಬ್ರಷ್ಷಿನ ಕಡ್ಡಿಯ ತುದಿ. ಒತ್ತಿದರೆ ಕಡ್ಡಿ ಬಾಗಿ ಮಗ್ಗುಲಿನಿಂದ ಉಜ್ಜುತ್ತದೆ. ಧೂಳು ಅಲ್ಲೇ ಕೂರುತ್ತದೆ, ಬ್ರಷ್ ಬೇಗ ಸವೆಯುತ್ತದೆ.

ಬ್ರಷ್ಷಿನ ಎತ್ತರ ಸರಿ ಇದೆಯಾ ನೋಡಲು ನಾನು ಹೀಗೆ ಮಾಡುತ್ತೇನೆ. ಸಮತಟ್ಟಾದ, ಧೂಳಿರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಬ್ರೇಕ್ ಹಾಕುತ್ತೇನೆ. ಬ್ರಷ್ ಇಳಿಸಿ ನಿಂತಲ್ಲೇ ಸ್ವಲ್ಪ ಹೊತ್ತು ತಿರುಗಿಸುತ್ತೇನೆ. ಆಮೇಲೆ ಎತ್ತಿ, ಗಾಡಿ ಮುಂದೆ ತಂದು, ಇಳಿದು ನೋಡುತ್ತೇನೆ. ನೆಲದ ಮೇಲೆ ಗುಡಿಸಿದ ಪಟ್ಟಿ ಕಾಣುತ್ತದೆ. ಅದರ ಅಗಲ 2ರಿಂದ 4 ಇಂಚು ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬ್ರಷ್ ಒತ್ತುತ್ತಿದೆ ಅಂತ. ಒಂದು ತುದಿ ಅಗಲ, ಇನ್ನೊಂದು ತುದಿ ಚೂಪಾಗಿದ್ದರೆ ಬ್ರೂಮರ್ ಒಂದು ಕಡೆ ವಾಲಿದೆ, ಅದನ್ನು ಎತ್ತಿ ಇಳಿಸುವ ಲಿಫ್ಟಿನ ಕಡೆ ಸರಿ ಮಾಡಬೇಕು. ಕಡ್ಡಿ ಸವೆದ ಹಾಗೆ ಎತ್ತರ ಬದಲಾಗುತ್ತದೆ, ಅದಕ್ಕೇ ದಿನಾ ಬೆಳಗ್ಗೆ ಈ ಪಟ್ಟಿ ನೋಡದೆ ನಾನು ಕೆಲಸ ಶುರು ಮಾಡುವುದಿಲ್ಲ.

ಗದ್ದೆ ಟ್ರ್ಯಾಕ್ಟರುಗಳು ಬಿಟ್ಟುಹೋದ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಸಣ್ಣ ಗೇರಿನಲ್ಲಿ ನಿಧಾನ ಹೋಗಿ, ಎರಡನೇ ಸಲ ಬನ್ನಿ. ಆಗಲೂ ಒತ್ತಬೇಡಿ. ನಡೆಯುವ ವೇಗ ಸಾಕು. ಬ್ರಷ್ ತೀರಾ ಜೋರಾಗಿ ತಿರುಗಿದರೆ ಧೂಳು ಪಕ್ಕಕ್ಕೆ ಹೋಗುವ ಬದಲು ಮೇಲಕ್ಕೇಳುತ್ತದೆ. ಗಾಳಿ ಬೀಸುವ ಕಡೆಗೇ ಧೂಳು ತಳ್ಳಿ. ಚಳಿಗಾಲದಲ್ಲಿ ಇಬ್ಬನಿ ಆರುತ್ತಾ ಬರುವ ಹೊತ್ತು ನನಗೆ ಇಷ್ಟ. ಧೂಳು ಏಳುವುದೂ ಇಲ್ಲ, ಕೆಸರಾಗಿ ಮೆತ್ತುವುದೂ ಇಲ್ಲ.

ಚರಂಡಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬ್ರಷ್ಷನ್ನು ಓರೆ ಮಾಡಿ, ರಸ್ತೆ ಮಧ್ಯದಿಂದ ಅಂಚಿಗೆ ಗುಡಿಸುತ್ತಾ ಹೋದರೆ ಅಂಚಿನಲ್ಲಿ ಕೆಂಪು ಮಣ್ಣು, ತರಗೆಲೆ, ಜಲ್ಲಿಪುಡಿಯ ಸಾಲು ಬೀಳುತ್ತದೆ. ಅದನ್ನು ಹಾಗೇ ಚರಂಡಿಗೆ ತಳ್ಳಿಬಿಡುವವರಿದ್ದಾರೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಚರಂಡಿ ಕಟ್ಟಿಕೊಂಡರೆ ಆ ನೀರೆಲ್ಲ ಹೊಸ ಡಾಂಬರಿನ ಮೇಲೇ ಹರಿಯಬೇಕು, ಅಲ್ವಾ? ನಾನು ಆ ಸಾಲನ್ನು ಸಲಿಕೆಯಲ್ಲಿ ಬಾಚಿ ಟ್ರೈಲರಿಗೆ ತುಂಬಿಸುವವರೆಗೆ ಬಿಡುವುದಿಲ್ಲ.

ಟ್ರ್ಯಾಕ್ಟರ್ ಎಂಜಿನ್ನಿನಿಂದ ಬ್ರಷ್ ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಬಟ್ಟೆಯ ತುದಿ ಸಿಕ್ಕಿದರೆ ಕಿರುಚುವಷ್ಟೂ ಟೈಮಿಲ್ಲ. ಸಹಾಯಕ್ಕೆ ಬರುವ ಹುಡುಗರಿಗೆ ಮೊದಲೇ ಹೇಳುತ್ತೇನೆ: "ಮಾರಾಯ, ಪಂಚೆ ಬೇಡ, ಪ್ಯಾಂಟ್ ಹಾಕ್ಕೊಂಡು ಬಾ. ಹೆಗಲ ಮೇಲಿನ ಟವೆಲೂ ಬೇಡ." ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಹೊಸದು ಹಾಕುವವರೆಗೆ ನಾನು ಗಾಡಿ ಚಾಲೂ ಮಾಡುವುದಿಲ್ಲ.

ಬ್ರಷ್ಷಿಗೆ ಹಗ್ಗ, ತಂತಿ, ಅಡಿಕೆ ಸೋಗೆ ಸುತ್ತಿಕೊಳ್ಳುವುದು ದಿನದ ಮಾತು. ಅದನ್ನು ಬಿಡಿಸುವ ಮೊದಲು ಪಿಟಿಒ ಆಫ್ ಮಾಡಿ, ಬ್ರಷ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ. ಕೀ ನಿಮ್ಮ ಜೇಬಿನಲ್ಲೇ ಇರಲಿ. ಬ್ರಷ್ ಪೂರ್ತಿ ನಿಂತ ಮೇಲೆ ಕೈ ಹಾಕಿ. ಎತ್ತಿದ ಬ್ರಷ್ಷಿನ ಕೆಳಗೆ ಯಾವತ್ತೂ ನುಗ್ಗಬೇಡಿ. ಹೈಡ್ರಾಲಿಕ್ ಪೈಪು ಸೋರುತ್ತಿದೆ ಅನಿಸಿದರೆ ಬೆರಳಿಟ್ಟು ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒತ್ತಡದ ಎಣ್ಣೆ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ.

ಬ್ರಷ್ ಜಲ್ಲಿ ಚೂರನ್ನು ದೂರ ಎಸೆಯುತ್ತದೆ. ಬೈಕು, ಬಸ್ಸು ಎದುರಾದರೆ ಬ್ರಷ್ ನಿಲ್ಲಿಸಿ ದಾರಿ ಕೊಡುತ್ತೇನೆ. ತಿರುವುಗಳಲ್ಲಿ ಎರಡೂ ಕಡೆ ಬಾವುಟ ಹಿಡಿದ ಹುಡುಗರು ಬೇಕೇ ಬೇಕು. ಕನ್ನಡಕ ಮತ್ತು ಒಳ್ಳೆ ಧೂಳಿನ ಮಾಸ್ಕ್ ಅವರಿಗೂ ಕೊಡಿ, ಅವರು ನಿಲ್ಲುವುದೂ ಅದೇ ಧೂಳಿನಲ್ಲಿ.

ಸಂಜೆ ಬ್ರೂಮರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತೇನೆ. ಕಡ್ಡಿಯ ಮೇಲೆ ಭಾರ ಬಿದ್ದರೆ ಅದು ಬಾಗಿ ಹಾಗೇ ನಿಲ್ಲುತ್ತದೆ, ಮಾರನೇ ದಿನ ಬ್ರಷ್ ಕುಣಿಯುತ್ತದೆ.