ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣ: ನಾನು ವೇಳೆ ಹೊಂದಿಸಿಕೊಂಡ ಬಗೆ

ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಊಟದ ಜೊತೆ ಬೇಕು. ಕಬ್ಬಿಣದ ಮಾತ್ರೆ ಇವೆರಡರಿಂದಲೂ ದೂರವಿರಬೇಕು. ಲೆವೊಥೈರಾಕ್ಸಿನ್ (ಇದೇ ಆ ಥೈರಾಯ್ಡ್ ಮಾತ್ರೆಯ ಔಷಧ) ತೆಗೆದುಕೊಳ್ಳುತ್ತಿದ್ದ ನನಗೆ ಡಾಕ್ಟರು ಇನ್ನೆರಡನ್ನೂ ಬರೆದುಕೊಟ್ಟಾಗ, ಮೊದಲು ಕೂತು ಮೂರಕ್ಕೂ ದಿನದಲ್ಲಿ ಜಾಗ ಹುಡುಕಿದೆ.

ಕಾರಣ ಗೊತ್ತಿದ್ದರೆ ಪಾಲಿಸುವುದು ಸುಲಭ. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಅಲ್ಯೂಮಿನಿಯಂ ಇಂಥವು ಕರುಳಿನಲ್ಲಿ ಲೆವೊಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಈ ಔಷಧದ ಅಳತೆಯೇ ಮೈಕ್ರೋಗ್ರಾಂಗಳಲ್ಲಿ. ಸ್ವಲ್ಪ ಪೋಲಾದರೂ ಲೆಕ್ಕಕ್ಕೆ ಬರುತ್ತದೆ. ಆದರೆ ಆ ದಿನ ಏನೂ ಗೊತ್ತಾಗುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಹಾಗಾಗಿ ಕೊರತೆ ವಾರಗಳ ಮೇಲೆ ಸುಸ್ತಾಗಿಯೋ ಏರಿದ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ, ರಕ್ತಪರೀಕ್ಷೆಯಲ್ಲಿ ನೋಡುವ ಹಾರ್ಮೋನ್) ಆಗಿಯೋ ತೋರುತ್ತದೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಥೈರಾಯ್ಡ್ ಮಾತ್ರೆಯ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಂಡೆ: ಬೆಳಗ್ಗೆ 6ಕ್ಕೆ, ಬರೀ ನೀರಿನ ಜೊತೆ. ಕಾಫಿ, ತಿಂಡಿ ಎಲ್ಲ 7ರ ನಂತರ. ಕಾಫಿ ಕೂಡ ಹೀರಿಕೆಯನ್ನು ತಗ್ಗಿಸುತ್ತದೆ, ಅದಕ್ಕೂ ರಿಯಾಯಿತಿ ಕೊಡಲಿಲ್ಲ. ಖನಿಜದ ಮಾತ್ರೆಗಳಿಗೆ ಕನಿಷ್ಠ 4 ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು, ಕಬ್ಬಿಣ ಸಂಜೆ 5ಕ್ಕೆ. ಕಬ್ಬಿಣದ ಹೊತ್ತಿನಲ್ಲಿ ಚಹಾ, ಕಾಫಿ, ಹಾಲು ಮುಟ್ಟುವುದಿಲ್ಲ. ವಿಟಮಿನ್ ಸಿ ಇರುವ ಹಣ್ಣು ಜೊತೆಗಿದ್ದರೆ ಒಳ್ಳೆಯದು. ಬೆಳಗ್ಗೆ ಹೊಂದದವರು ಕೊನೆಯ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವಾಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದು. ಆಗ ಸಂಜೆಯ ಖನಿಜಗಳನ್ನು ಇನ್ನೂ ಮುಂಚಿನ ಹೊತ್ತಿಗೆ ಸರಿಸಬೇಕು. ಯಾವ ಹೊತ್ತಾದರೂ ಸರಿ, ದಿನಾ ಅದೇ ಇರಲಿ.

ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಿರುವುದು ಹೆಸರಿನಲ್ಲಿ ಖನಿಜ ಕಾಣದ ವಸ್ತುಗಳ ಬಗ್ಗೆ. ಮನೆಯಲ್ಲಿದ್ದ ಪ್ರತಿ ಸ್ಟ್ರಿಪ್, ಬಾಟಲಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ. ಮಲ್ಟಿವಿಟಮಿನ್ ಅಂತ ಬರೆದಿದ್ದರ ಒಳಗೆ ಕಬ್ಬಿಣ, ಸತು, ಮೆಗ್ನೀಸಿಯಂ ಸಾಲಾಗಿದ್ದವು. ಎದೆಯುರಿಗೆ ಕುಡಿಯುವ ಆಂಟಾಸಿಡ್‌ನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇತ್ತು. ಎರಡಕ್ಕೂ ಅದೇ 4 ಗಂಟೆಯ ನಿಯಮ ಹಾಕಿದೆ. ಕ್ಯಾಲ್ಸಿಯಂ ಡಬ್ಬಿಯ ಮೇಲಿನ ‘1250 ಮಿ.ಗ್ರಾಂ’ ಕ್ಯಾಲ್ಸಿಯಂ ಕಾರ್ಬೊನೇಟ್‌ನ ತೂಕ. ಅದರಲ್ಲಿ ಸಿಗುವ ಕ್ಯಾಲ್ಸಿಯಂ 500 ಮಿ.ಗ್ರಾಂ. ಒಂದು ಸಲಕ್ಕೆ ಅಷ್ಟೇ ಸಾಕು, ಅದಕ್ಕಿಂತ ಹೆಚ್ಚಾದರೆ ದೇಹ ಅಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ.

ಕೂದಲು, ಉಗುರಿಗೆಂದು ತಿನ್ನುವ ಬಯೋಟಿನ್ ಮಾತ್ರೆಯ ತೊಂದರೆ ಬೇರೆ ಥರದ್ದು. ಅದು ಔಷಧವನ್ನು ತಡೆಯುವುದಿಲ್ಲ, ಕೆಲವು ಲ್ಯಾಬ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 (ಥೈರಾಯ್ಡ್ ಹಾರ್ಮೋನ್) ಹೆಚ್ಚು ಅಂತ ಬರಬಹುದು. ರಕ್ತ ಕೊಡುವ ಮುಂಚೆ ಕನಿಷ್ಠ 2 ದಿನ ಅದನ್ನು ಬಿಡಿ, ಡೋಸ್ ಜಾಸ್ತಿಯಿದ್ದರೆ ಎಷ್ಟು ದಿನ ಬಿಡಬೇಕೆಂದು ಕೇಳಿ.

ಇಷ್ಟು ದಿನ ಎಲ್ಲ ಮಾತ್ರೆ ಒಟ್ಟಿಗೆ ನುಂಗುತ್ತಿದ್ದವರು ಇದನ್ನು ಓದಿ ನಾಳೆಯೇ ಬೇರ್ಪಡಿಸಲು ಹೊರಟರೆ, ಮೊದಲು ಡಾಕ್ಟರಿಗೆ ಹೇಳಿ. ಅವರು ನಿಮ್ಮ ಡೋಸ್ ಏರಿಸಿದ್ದು ಆ ಪೋಲನ್ನೂ ಸೇರಿಸಿಯೇ ಇರಬಹುದು. ಪೋಲು ನಿಂತೊಡನೆ ಅದೇ ಡೋಸ್ ಅತಿಯಾಗಿ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಆಗಬಹುದು. ಥೈರಾಯ್ಡ್ ತೊಂದರೆಯಿರುವ ಬಸುರಿಯರಿಗೆ ಈ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಬೇಕಾಗಬಹುದಾದ್ದರಿಂದ ಅವರಂತೂ ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ವೇಳೆ ಬದಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ನಾನು ರಿಪೋರ್ಟ್ ತೋರಿಸುವಾಗ ಯಾವ ಮಾತ್ರೆ ಎಷ್ಟು ಗಂಟೆಗೆ ಅಂತ ಬರೆದ ಚೀಟಿಯನ್ನೂ ಜೊತೆಗೇ ಮುಂದಿಡುತ್ತೇನೆ.